ನೀಲಿ ಟೋಪಿಯವರನ್ನು ಅಳೆಯುವ ಮುನ್ನ

ದಾವಣಗೆರೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚಿತ್ರದುರ್ಗದಿಂದ ನೀನು ಕಳಿಸಿದ ಪ್ರಬಂಧ ಎರಡು ಸಲ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ "ವಿಶ್ವಸಂಸ್ಥೆ ಒಂದು ಯುದ್ಧವನ್ನೂ ತಡೆದಿಲ್ಲ" ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಹಾಗೇ ಬಿಡಬೇಡ.

ನಿನ್ನ ಸಿಟ್ಟು ನ್ಯಾಯವಾದದ್ದೇ. 1994ರಲ್ಲಿ ರುವಾಂಡಾದಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ಅಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ, ಅಂದರೆ ಈ ನೀಲಿ ಟೋಪಿಯವರು, ಇದ್ದರು. ಆ ಪಡೆಯ ದಂಡನಾಯಕ ರೋಮಿಯೋ ಡಲ್ಲೇರ್ ಜನವರಿಯಲ್ಲೇ ಎಚ್ಚರಿಸಿದ್ದರು. ಕೊಲೆ ಶುರುವಾದ ಮೇಲೆ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆ ಪಡೆಯನ್ನು 270 ಜನಕ್ಕೆ ಇಳಿಸಲು ತೀರ್ಮಾನಿಸಿತು! ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿಕಾ. ವಿಶ್ವಸಂಸ್ಥೆಯೇ ಸುರಕ್ಷಿತ ಅಂದಿದ್ದ ಊರು ಅದು. 8 ಸಾವಿರದಷ್ಟು ಗಂಡಸರು, ಹುಡುಗರು ಸತ್ತರು. ಇದನ್ನೆಲ್ಲ ಬರಿ, ಮೆದು ಮಾಡಬೇಡ. ಆದರೆ ಪಡೆಯನ್ನು ಕಡಿಮೆ ಮಾಡಿದ್ದು ಯಾರು ಅಂತಲೂ ಬರಿ. ಮಂಡಳಿಯಲ್ಲಿ ಕೂತಿದ್ದ ದೇಶಗಳು, ಅಲ್ವಾ?

ಮೊದಲ ಮಹಾಯುದ್ಧದ ನಂತರ ಬಂದ ರಾಷ್ಟ್ರ ಸಂಘದ ಕಥೆಯೂ ಇದೇ. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ಬಿದ್ದಾಗ ನಿರ್ಬಂಧ ಹಾಕಿದರು, ಯುದ್ಧಕ್ಕೆ ಬೇಕಾದ ಪೆಟ್ರೋಲಿಯಂ ಎಣ್ಣೆಯನ್ನು ಮಾತ್ರ ಅದರಿಂದ ಹೊರಗಿಟ್ಟರು. 1945ರಲ್ಲಿ ಅದರ ಜಾಗಕ್ಕೆ ವಿಶ್ವಸಂಸ್ಥೆ ಕಟ್ಟಿ, ಐದು ದೊಡ್ಡ ದೇಶಗಳಿಗೆ ವೀಟೋ ಕೊಟ್ಟರು. ಆ ಐವರಲ್ಲಿ ಒಬ್ಬರು ಬೇಡ ಅಂದರೂ ಮಂಡಳಿಯ ಕೈ ಕಟ್ಟಿದಂತೆ.

ನಮ್ಮ ಭದ್ರಾ ನಾಲೆಯ ನೀರುಗಂಟಿಯನ್ನು ನೋಡಿದ್ದೀಯಲ್ಲ. ಎರಡೂ ಕಡೆಯವರು ಸರದಿಗೆ ಒಪ್ಪಿದ್ದರೆ ಅವನ ಮಾತು ನಡೆಯುತ್ತದೆ. ಮೇಲಿನವರು ತೂಬು ಮುರಿದರೆ ಅವನೊಬ್ಬ ಏನು ಮಾಡಿಯಾನು? 1967ರಲ್ಲಿ ಈಜಿಪ್ಟ್ "ಹೋಗಿ" ಅಂದಾಗ, ಇಸ್ರೇಲ್ ಗಡಿಯ ಸಿನಾಯ್‌ನಲ್ಲಿದ್ದ ವಿಶ್ವಸಂಸ್ಥೆಯ ಪಡೆ ಹೊರಟಿತು. ಜೂನ್‌ನಲ್ಲೇ ಇಸ್ರೇಲ್ ಜೊತೆ ಯುದ್ಧ.

ಇನ್ನು ನೀನು ಬಿಟ್ಟದ್ದು. ನಮೀಬಿಯಾದಲ್ಲಿ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ 1989ರಲ್ಲಿ ಚುನಾವಣೆ ನಡೆಯಿತು, ಮರುವರ್ಷ ದೇಶ ಸ್ವತಂತ್ರವಾಯಿತು. ಅಲ್ಲಿನ ಪಡೆಯ ಮುಖ್ಯಸ್ಥರು ನಮ್ಮ ದೇಶದ ಪ್ರೇಮ್ ಚಂದ್. ಸಿಯೆರಾ ಲಿಯೋನ್‌ನಲ್ಲಿ 75 ಸಾವಿರದಷ್ಟು ಹೋರಾಟಗಾರರಿಂದ ಬಂದೂಕು ಇಳಿಸಿದರು. 2005ರಲ್ಲಿ ಪಡೆ ವಾಪಸಾಯಿತು. ಅಲ್ಲಿ ಒಳಯುದ್ಧ ಮತ್ತೆ ಹೊತ್ತಿಲ್ಲ. ನಡೆಯದ ಯುದ್ಧ ಪೇಪರಿನಲ್ಲಿ ಬರೋದಿಲ್ಲ, ಅದಕ್ಕೇ ನಿನಗೆ ಸಿಕ್ಕಿಲ್ಲ.

ಸೈಪ್ರಸ್ ಸೋಲು, ಗೆಲುವು ಇವೆರಡರ ನಡುವಿನದು. ಅಲ್ಲಿನ ಗ್ರೀಕರು, ಟರ್ಕರ ಜಗಳ ತಡೆಯಲು ಪಡೆ 1964ರಿಂದ ಅಲ್ಲೇ ಇದೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅದನ್ನು ಮುನ್ನಡೆಸುತ್ತಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ, ಅಲ್ಲೇ ತೀರಿಕೊಂಡರು. 1974ರಲ್ಲಿ ಟರ್ಕಿಯ ಸೈನ್ಯ ಬಂದಾಗ ಪಡೆಗೆ ತಡೆಯಲಾಗಲಿಲ್ಲ. ಆ ಮೇಲೆ ದೊಡ್ಡ ಯುದ್ಧ ಮರಳಲಿಲ್ಲ, ರಾಜಿಯೂ ಆಗಲಿಲ್ಲ. ನನ್ನ ಪ್ರಕಾರ ಇದೇ ಸರಿಯಾದ ಅಳತೆ. ಕಾವಲು ಅವರ ಕೆಲಸ, ರಾಜಿ ಮಾಡಿಕೊಳ್ಳಬೇಕಾದವರು ಜಗಳವಾಡಿದವರು.

ಆ ಸಾಲು ಹೊಡೆದು ಹಾಕಿ, ತಿಮ್ಮಯ್ಯನವರ ಬಗ್ಗೆ ಒಂದು ಪ್ಯಾರಾ ಸೇರಿಸು. ಪ್ರತಿ ಕಾರ್ಯಾಚರಣೆಗೂ ಮಂಡಳಿ ಏನು ಅಧಿಕಾರ ಕೊಟ್ಟಿತ್ತು, ಎಷ್ಟು ಜನ ಕೊಟ್ಟಿತ್ತು ಅಂತ ಹುಡುಕು. ಆಮೇಲೆ ಬೈಯಬೇಕಾದವರನ್ನು ಹೆಸರು ಹಿಡಿದು ಬೈ. ದಸರಾ ರಜೆಗೆ ಬರುವಾಗ ಹೊಸ ಪ್ರತಿ ತಾ, ಓದುತ್ತೇನೆ.

ನಿನ್ನ
ದೊಡ್ಡಪ್ಪ