ಆ ಹಲ್ಲಿಗೆ ಇನ್ನೂ ಸ್ವಲ್ಪ ಕಾಯಬೇಕು, ಮಗಳೇ

ಮಗಳೇ,

ಎದುರು ಕೂತು ಮಾತಾಡಿದರೆ ಅರ್ಧಕ್ಕೇ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. 16ನೇ ವಯಸ್ಸಿಗೆ ಮೇಲಿನ ಸಾಲಿನ ಮುಂದಿನ ಹಲ್ಲು ಹೋಗುವುದು ಸಣ್ಣ ಸಂಗತಿಯಲ್ಲ. "ಒಂದು ಹಲ್ಲು ತಾನೇ" ಅನ್ನುವವರ ಮೇಲೆ ನನಗೂ ಸಿಟ್ಟು ಬರುತ್ತದೆ. ಆದರೂ ಇಂಪ್ಲಾಂಟ್ ಈಗಲೇ ಬೇಡ ಅಂತ ಡಾಕ್ಟರ್ ಹೇಳಿದಾಗ ನಾನು ಒಪ್ಪಿಕೊಂಡೆ. ಅದು ದುಡ್ಡಿನ ಲೆಕ್ಕ ಅಲ್ಲ. ದೊಡ್ಡಪ್ಪನಿಗೆ ಹಾಕಿದರಲ್ಲ, ನನಗೇಕಿಲ್ಲ ಅಂತ ಕೇಳಿದೆಯಲ್ಲ, ಉತ್ತರ ನಿನ್ನ ದವಡೆಯಲ್ಲೇ ಇದೆ.

ಇಂಪ್ಲಾಂಟ್ ಅಂದರೆ ಒಂದು ಚಿಕ್ಕ ಟೈಟಾನಿಯಂ ತಿರುಪು. ಹೋದ ಹಲ್ಲಿನ ಬೇರಿನ ಜಾಗದಲ್ಲಿ, ಮೂಳೆಯೊಳಗೆ ಅದನ್ನು ಕೂರಿಸುತ್ತಾರೆ. ಕೆಲವು ತಿಂಗಳಲ್ಲಿ ಮೂಳೆ ಅದಕ್ಕೆ ಅಂಟಿಕೊಂಡೇ ಬೆಳೆಯುತ್ತದೆ. ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಕೆಳದವಡೆಗಿಂತ ಮೇಲ್ದವಡೆಗೆ ಸ್ವಲ್ಪ ಜಾಸ್ತಿ. ಆಮೇಲೆ ಅದರ ಮೇಲೆ ಹಲ್ಲಿನ ಆಕಾರದ ಕ್ರೌನ್ ಬರುತ್ತದೆ. ಟೈಟಾನಿಯಂ ಮೂಳೆಗೆ ಹೀಗೆ ಬೆಸೆದುಕೊಳ್ಳುತ್ತದೆ ಅನ್ನೋದು ಗೊತ್ತಾಗಿದ್ದು ಹಲ್ಲಿನ ಕೆಲಸ ಮಾಡುವಾಗಲ್ಲ. 1950ರ ದಶಕದಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಎಂಬ ವೈದ್ಯರು ಮೊಲದ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಅದಕ್ಕಾಗಿ ಇಟ್ಟ ಟೈಟಾನಿಯಂ ಸಾಧನವನ್ನು ಕೊನೆಗೆ ತೆಗೆಯಹೋದರೆ ಬರಲೇ ಇಲ್ಲ! 1965ರಲ್ಲಿ ಅವರು ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ಇಂಪ್ಲಾಂಟ್ ಹಾಕಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು.

ಆ ಗಟ್ಟಿತನವೇ ಈಗ ನಿನಗೆ ತೊಡಕು, ಯಾಕಂದರೆ ದೊಡ್ಡಪ್ಪನ ಹಾಗಲ್ಲ, ನಿನ್ನ ದವಡೆ ಇನ್ನೂ ಬೆಳೆಯುತ್ತಿದೆ. ನಿಜವಾದ ಹಲ್ಲು ಮೂಳೆಗೆ ನೇರವಾಗಿ ಅಂಟಿರುವುದಿಲ್ಲ, ನಡುವೆ ಒಂದು ತೆಳುವಾದ ನಾರಿನ ಪದರ ಇರುತ್ತದೆ. ಅದರಿಂದಲೇ ದವಡೆ ಬೆಳೆದಂತೆ ಹಲ್ಲೂ ಜೊತೆಗೆ ಇಳಿಯುತ್ತದೆ, ಸರಿಯುತ್ತದೆ. ಇಂಪ್ಲಾಂಟಿಗೆ ಆ ಪದರ ಇಲ್ಲ. ಎಳೆಯ ಗಿಡಗಳ ಸಾಲಿನಲ್ಲಿ ನೆಟ್ಟ ಕಲ್ಲುಗಂಬದ ಹಾಗೆ ಅದು, ಸುತ್ತಲಿನದೆಲ್ಲ ಬೆಳೆದರೂ ತಾನು ಇದ್ದಲ್ಲೇ ಇರುತ್ತದೆ. ಈಗ ಹಾಕಿಸಿದರೆ ಈ ವರ್ಷ ಚೆಂದವಾಗಿಯೇ ಕಾಣಬಹುದು. ಕೆಲವು ವರ್ಷ ಕಳೆದ ಮೇಲೆ ಅಕ್ಕಪಕ್ಕದ ಹಲ್ಲುಗಳು ಕೆಳಗಿಳಿದು, ಅದೊಂದೇ ಗಿಡ್ಡವಾಗಿ ಮೇಲೆ ಉಳಿಯುತ್ತದೆ. ವಸಡಿನ ಗೆರೆಯೂ ಏರುಪೇರಾಗುತ್ತದೆ. ನಿನ್ನದು ಮುಂದಿನ ಹಲ್ಲು, ನಕ್ಕರೆ ಮೊದಲು ಕಾಣುವುದೇ ಅದು. ಬೆಸೆದುಕೊಂಡ ಇಂಪ್ಲಾಂಟನ್ನು ಆಗ ತೆಗೆಯಬೇಕೆಂದರೆ ಸುತ್ತಲಿನ ಮೂಳೆಯೂ ಹಾಳಾಗಬಹುದು.

ಹಾಗಾದರೆ ಯಾವಾಗ? ಹುಟ್ಟುಹಬ್ಬದ ಲೆಕ್ಕ ಇದಕ್ಕೆ ಆಗುವುದಿಲ್ಲ. ಸಾಮಾನ್ಯವಾಗಿ ಹುಡುಗಿಯರ ದವಡೆ ಹುಡುಗರಿಗಿಂತ ಬೇಗ ಬೆಳೆದು ನಿಲ್ಲುತ್ತದೆ, ಆದರೆ ಎಲ್ಲರದೂ ಒಂದೇ ಸಲ ಅಲ್ಲ. ಆರು ತಿಂಗಳು, ವರ್ಷ ಬಿಟ್ಟು ತೆಗೆದ ಎಕ್ಸ್‌ರೇಗಳನ್ನು ಹೋಲಿಸಿ, ಬದಲಾವಣೆ ಕಾಣದಿದ್ದಾಗ ಡಾಕ್ಟರ್ ಹೂಂ ಅನ್ನುತ್ತಾರೆ. ಮೇಲಿನ ಮುಂದಿನ ಹಲ್ಲುಗಳ ಭಾಗದಲ್ಲಂತೂ ಸಣ್ಣ ಬದಲಾವಣೆ ಇಪ್ಪತ್ತು ದಾಟಿದ ಮೇಲೂ ನಡೆಯುತ್ತಿರುತ್ತದೆ. ಅದಕ್ಕೇ ಕೆಲವು ಡಾಕ್ಟರುಗಳು ಇನ್ನೂ ತಡೆಯಿರಿ ಅನ್ನುತ್ತಾರೆ. ಕೇಳಿದರೆ ನಿನಗೆ ಅಳು ಬರುತ್ತದೆ, ಗೊತ್ತು.

ಕಾಯುವುದರಿಂದ ನಷ್ಟವೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಹಲ್ಲಿಲ್ಲದ ಜಾಗದಲ್ಲಿ ಮೂಳೆ ಸವೆಯುತ್ತದೆ, ಮೊದಲ ವರ್ಷದಲ್ಲೇ ಜಾಸ್ತಿ. ಮುಂದೆ ಇಂಪ್ಲಾಂಟಿಗೆ ಮೊದಲು ಅಲ್ಲಿ ಮೂಳೆ ತುಂಬಿಸಬೇಕಾಗಬಹುದು. ಪಕ್ಕದ ಹಲ್ಲುಗಳೂ ಖಾಲಿ ಜಾಗದ ಕಡೆ ವಾಲುತ್ತವೆ. ಹಾಗಾಗಿ ಸುಮ್ನೆ ಬಿಟ್ಟುಬಿಡುವ ಮಾತೇ ಇಲ್ಲ, ತಾತ್ಕಾಲಿಕವಾಗಿ ಒಂದು ಹಲ್ಲು ಹಾಕಿಸಲೇಬೇಕು.

ಅದಕ್ಕೆ ಎರಡು ದಾರಿ. ಒಂದು, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ, ಹಲ್ಲು ಕೂರಿಸಿದ ಪ್ಲೇಟು. ಇನ್ನೊಂದು, ಪಕ್ಕದ ಹಲ್ಲಿನ ಹಿಂಬದಿಗೆ ತೆಳುವಾದ ರೆಕ್ಕೆ ಅಂಟಿಸಿ ನಿಲ್ಲಿಸುವ ಹಲ್ಲು. ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಪಕ್ಕದ ಹಲ್ಲನ್ನು ಜಾಸ್ತಿ ಅರೆಯಬೇಕಾಗಿಲ್ಲ, ಊಟಕ್ಕೆ ತೆಗೆದಿಡುವ ರಗಳೆಯೂ ಇಲ್ಲ. ಯಾವಾಗಲಾದರೂ ಬಿಟ್ಟುಕೊಂಡರೆ ಮತ್ತೆ ಅಂಟಿಸುತ್ತಾರೆ. ಎರಡೂ ಪಕ್ಕದ ಹಲ್ಲುಗಳನ್ನು ಅರೆದು ಕೂರಿಸುವ ಮಾಮೂಲಿ ಬ್ರಿಡ್ಜ್ ಮಾತ್ರ ಬೇಡ. ಚೆನ್ನಾಗಿರುವ ಹಲ್ಲುಗಳನ್ನು ಈ ವಯಸ್ಸಿನಲ್ಲಿ ಸವೆಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಆಟ ಬಿಡು ಅಂತ ನಾನು ಹೇಳುವುದಿಲ್ಲ. ಮೈದಾನಕ್ಕಿಳಿಯುವಾಗ ಮೌತ್‌ಗಾರ್ಡ್ ಹಾಕಿಕೊ, ಅಷ್ಟೇ. ಮತ್ತೆ ವಸಡಿನ ಬಗ್ಗೆ ಉದಾಸೀನ ಬೇಡ. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಸುತ್ತಲಿನ ವಸಡು ಕೆಟ್ಟರೆ ಮೂಳೆ ಕರಗಿ ಅದೂ ಅಲುಗಾಡುತ್ತದೆ. ರಾತ್ರಿ ಬ್ರಷ್ ಮಾಡದೆ ಮಲಗುವವಳಿಗೆ ಇದನ್ನು ಬರೆಯುವಾಗ ಸ್ವಲ್ಪ ನಗು ಬಂತು.

ಮುಂದಿನ ಸಲ ಡಾಕ್ಟರ ಹತ್ತಿರ ನೀನೇ ಮಾತಾಡು, ನಾನು ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ. ಮೂಳೆ ಎಷ್ಟು ಉಳಿದಿದೆ, ಮುಂದಿನ ಎಕ್ಸ್‌ರೇ ಯಾವಾಗ ಅಂತ ಕೇಳು. ತಾತ್ಕಾಲಿಕ ಹಲ್ಲಿನ ಬಣ್ಣ ಆರಿಸುವಾಗ ಕಿಟಕಿಯ ಬೆಳಕಿಗೆ ಹೋಗಿ ಕನ್ನಡಿ ನೋಡಿಕೊ. ಇಷ್ಟವಾಗದಿದ್ದರೆ ಸಂಕೋಚಪಡದೆ ಅಲ್ಲೇ ಹೇಳು, ಅಂಟಿಸಿದ ಮೇಲೆ ಬದಲಾಯಿಸುವುದು ಕಷ್ಟ.

ನಿನ್ನ
ಅಮ್ಮ