ಕೈಯಚ್ಚಿನದು ಎಂದು ಮಾರಿದ ಎಲೆ ವಾಲ್‌ಪೇಪರ್ ವಾಪಸ್ ಪಡೆಯುವ ಬಗ್ಗೆ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ಶಿಡ್ಲಘಟ್ಟದವಳು. ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುತ್ತೇವೆ. ಹೊಸ ಮನೆಯ ಗೋಡೆಗೆ ಆ ಎಲೆಯೇ ಇರಲಿ ಅಂತ ನಿಮ್ಮಿಂದ ಮೂರು ರೋಲ್ ವಾಲ್‌ಪೇಪರ್, ಆರು ಮೀಟರ್ ಪರದೆ ಬಟ್ಟೆ ತರಿಸಿದೆ. ಒಟ್ಟು 21,600 ರೂಪಾಯಿ ಕೊಟ್ಟಿದ್ದೇನೆ. ಕ್ಯಾಟಲಾಗಿನ ಎಲೆಗೆ ಮನಸೋತಿದ್ದೆ. ತೊಟ್ಟಿನಿಂದಲೇ ಮೂರು ನರ ಕವಲೊಡೆದಿದ್ದವು, ಅಂಚಿನಲ್ಲಿ ಗರಗಸದ ಹಲ್ಲು. ತೋಟದಲ್ಲಿ ನಿಂತು ನೋಡಿದವರೇ ಕೆತ್ತಿದ್ದಾರೆ ಅನ್ನಿಸಿತು. ಪಕ್ಕದಲ್ಲೇ ‘ಪ್ರತಿ ಎಲೆಯೂ ಮರದ ಅಚ್ಚಿನಿಂದ ಕೈಯಲ್ಲಿ ಒತ್ತಿದ್ದು’ ಎಂದು ಬರೆದಿತ್ತು.

ಬಂದಿರುವುದು ಕೈಯಚ್ಚಲ್ಲ. ರೋಲ್ ಬಿಡಿಸಿದಾಗ ಒಂದು ತೊಟ್ಟಿನ ಹತ್ತಿರ ಬಣ್ಣ ಹರಡಿದ ಕಲೆ ಕಂಡಿತು. ಕೈಕೆಲಸ ಅಲ್ವಾ, ಇರುತ್ತದೆ ಅಂತ ಖುಷಿಯೇ ಆಯಿತು. ಆದರೆ 64 ಸೆಂಟಿಮೀಟರ್ ಕೆಳಗೆ ಅದೇ ಕಲೆ, ಅದೇ ಆಕಾರ. ಅದರ ಕೆಳಗೆ ಮತ್ತೆ. ಅಚ್ಚು ಮುಕ್ಕಾಗಿದ್ದರೆ ಆ ಮುಕ್ಕು ಪ್ರತಿ ಸಲ ಮೂಡುತ್ತದೆ, ಒಪ್ಪುತ್ತೇನೆ. ಬಣ್ಣ ಹರಡುವುದು ಹಾಗಲ್ಲ. ಅಚ್ಚಿಗೆ ಎಷ್ಟು ಬಣ್ಣ ಹತ್ತಿತು, ಕೈ ಎಷ್ಟು ಜೋರಾಗಿ ಬಿತ್ತು ಅನ್ನುವುದರ ಮೇಲೆ ಒಂದೊಂದು ಒತ್ತಿಗೂ ಬೇರೆ ಇರುತ್ತದೆ. ಭೂತಗನ್ನಡಿ ಇಟ್ಟರೆ ಹಸಿರಿನ ಒಳಗೆ ಬರೀ ನೀಲಿ, ಹಳದಿ ಚುಕ್ಕಿಗಳು. ಪರದೆ ಬಟ್ಟೆಯ ಹಿಂಬದಿಗೂ ಬಣ್ಣ ಇಳಿದಿಲ್ಲ. ಯಾರೋ ಕೈಯಲ್ಲಿ ಒತ್ತಿದ ಒಂದು ಹಾಳೆಯನ್ನು ಕಲೆಯ ಸಮೇತ ಸ್ಕ್ಯಾನ್ ಮಾಡಿ ಮೆಷಿನ್‌ನಲ್ಲಿ ಪ್ರಿಂಟ್ ಹಾಕಿದ್ದೀರಿ ಎಂದೇ ನನ್ನ ಅನುಮಾನ.

ಫೋನ್ ಮಾಡಿದರೆ, ‘ಕೈಕೆಲಸದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಸಹಜ ಮೇಡಂ’ ಅಂದರು. ವ್ಯತ್ಯಾಸವೇ ಇಲ್ಲ ಅನ್ನುವುದು ನನ್ನ ದೂರು.

ಕೈಯಚ್ಚಿಗೆ ಬೆಲೆ ಜಾಸ್ತಿ ಅನ್ನುವುದಕ್ಕೆ ತಕರಾರಿಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು ಕೆತ್ತಬೇಕು. ಇಂಗ್ಲೆಂಡಿನ ವಿಲಿಯಂ ಮಾರಿಸ್ ಅವರ 1875ರ ಅಕ್ಯಾಂಥಸ್ ಎಲೆ ವಾಲ್‌ಪೇಪರಿಗೆ 30 ಅಚ್ಚು ಬೇಕಾಗಿದ್ದವು ಅಂತ ನಿಮ್ಮ ಕ್ಯಾಟಲಾಗೇ ಹೇಳುತ್ತದೆ. ಅಷ್ಟು ದುಡಿಯುವವರ ಹೆಸರು ಹೇಳಿ ಮೆಷಿನ್ ಮಾಲು ಮಾರುವುದು ಅವರಿಗೂ ಮೋಸ, ನನಗೂ ಮೋಸ. ಪ್ರಿಂಟ್ ಅಂತಲೇ ಹೇಳಿ ಕಡಿಮೆಗೆ ಮಾರಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

15 ದಿನದೊಳಗೆ ನಿಮ್ಮ ಖರ್ಚಿನಲ್ಲಿ ಮಾಲು ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಕ್ಯಾಟಲಾಗಿನ ಆ ಸಾಲು ತೆಗೆಯಿರಿ. ಇಲ್ಲದಿದ್ದರೆ 1915 ಸಹಾಯವಾಣಿಗೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಫೋಟೋಗಳು ಮತ್ತು ಒಂದು ತುಂಡು ಹಾಳೆ ಜೊತೆಗಿಟ್ಟಿದ್ದೇನೆ.

ಆ ಎಲೆಯ ಅಚ್ಚು ಕೆತ್ತಿದವರು ಯಾರು ಅಂತಲೂ ದಯವಿಟ್ಟು ತಿಳಿಸಿ. ನನ್ನ ಗೋಡೆ ಇನ್ನೂ ಖಾಲಿ ಇದೆ. ಅವರಿಂದಲೇ ಮಾಡಿಸಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ