ಟೊಮೆಟೊ ಬೆಳೆಯುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಒಪ್ಪಿಗೆ ಪಡೆದೇ ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರಿಲ್ಲ, ಊರಿಲ್ಲ. "ನನ್ನಂಥವರು ನಮ್ಮ ಸುತ್ತಲೇ ಇನ್ನೂ ನಾಲ್ಕು ಜನ ಇದ್ದಾರು, ಬಾಯಿ ಬಿಡುವುದಿಲ್ಲ ಅಷ್ಟೆ" ಎಂದು ನೀನು ಫೋನಿನಲ್ಲಿ ಹೇಳಿದ ಮಾತು ಎರಡು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ವೀರ್ಯಾಣು ಕಡಿಮೆ ಎಂದು ವರದಿ ಬಂದದ್ದಕ್ಕೆ ನೀನು ನೆಚ್ಚಿಕೊಂಡಿರುವ ಆ ಡಬ್ಬಿಯ ವಿಷಯ ಮೊದಲು. ನೀನು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ಓದಿದೆ. ಲೈಕೋಪೀನ್, ಅರಿಶಿನದ ಕರ್ಕ್ಯುಮಿನ್, ನೆಲ್ಲಿಕಾಯಿ ಸಾರ, ದಾಳಿಂಬೆ ಸಿಪ್ಪೆಯ ಸಾರ. ತಿಂಗಳಿಗೆ ಎರಡೂವರೆ ಸಾವಿರ ರೂಪಾಯಿ. ಅದರಲ್ಲಿ ಮೊದಲು ಬರೆದಿರುವ ಲೈಕೋಪೀನ್ ಏನು ಗೊತ್ತೇ? ಟೊಮೆಟೊಗೆ ಕೆಂಪು ಬಣ್ಣ ಕೊಡುವುದೇ ಅದು. ನೀನು ಹದಿನೈದು ಕೆಜಿಯ ಬಾಕ್ಸುಗಳಲ್ಲಿ ತುಂಬಿ ಕೋಲಾರದ ಮಾರುಕಟ್ಟೆಗೆ ಕಳಿಸುವ ಹಣ್ಣಿನೊಳಗೇ ಇದೆ. ನೂರು ಗ್ರಾಂ ಟೊಮೆಟೊದಲ್ಲಿ ಸುಮಾರು 3 ಮಿಲಿಗ್ರಾಂ. ಎಣ್ಣೆಯಲ್ಲಿ ಬೇಯಿಸಿದರೆ ದೇಹ ಅದನ್ನು ಇನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಅಮ್ಮ ಮಾಡುವ ಗೊಜ್ಜು ಅದಕ್ಕೆ ಸಾಕು.

ಇವೆಲ್ಲ ಸುಳ್ಳು ಎನ್ನುತ್ತಿಲ್ಲ. ಕಡಲೆಕಾಯಿ ಎಣ್ಣೆಯನ್ನು ಮುಚ್ಚಳವಿಲ್ಲದೆ ಬಹಳ ದಿನ ಇಟ್ಟರೆ ಕಮಟು ಹಿಡಿಯುತ್ತದಲ್ಲ, ವೀರ್ಯಾಣುವಿಗೂ ಅದೇ ಗತಿ ಬರಬಹುದು. ಅದರ ಹೊರಪದರದಲ್ಲಿ ಬೇಗ ಕೆಡುವಂಥ ಕೊಬ್ಬು ಹೆಚ್ಚು. ಬೇರೆ ಜೀವಕೋಶಗಳ ಒಳಗಿರುವಷ್ಟು ರಕ್ಷಣೆಯ ಕಿಣ್ವಗಳು ಅದರೊಳಗೆ ಇಲ್ಲ. ಬಾಲ ಬೀಸಿ ಓಡಬೇಕಾದ ಅದು ಹೊರೆಯನ್ನೆಲ್ಲ ಕಳಚಿಕೊಂಡೇ ಹುಟ್ಟುತ್ತದೆ. ನೀನು ಬೆಳೆಗೆ ಹೊಡೆಯುವಂಥ ಕೀಟನಾಶಕ ಮೈಯೊಳಗೆ ಹೋದಾಗ ಚುರುಕಾದ ಆಮ್ಲಜನಕದ ಕಣಗಳು ಹೆಚ್ಚಿ, ಆ ಕೊಬ್ಬು ಕಮಟುತ್ತದೆ. ಓಟ ಕುಂಠಿತವಾಗುತ್ತದೆ, ತಲೆಯೊಳಗಿನ ಡಿಎನ್‌ಎ ಎಳೆ ಮುರಿಯುತ್ತದೆ. ನಿನ್ನ ಡಬ್ಬಿಯಲ್ಲಿರುವಂಥ ಸಸ್ಯಗಳ ಆ್ಯಂಟಿಆಕ್ಸಿಡೆಂಟುಗಳು ಆ ಕಣಗಳನ್ನು ತಡೆಯಬಲ್ಲವು.

ಎಂ.ಎಸ್ಸಿ. ಓದುವಾಗ ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಇಲಿಯ ವೀರ್ಯಾಣು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅದರ ತಲೆ ಕುಡುಗೋಲಿನ ತುದಿಯಂತೆ ಬಾಗಿರುತ್ತದೆ. ಇಂಥ ಇಲಿಗಳಿಗೆ ಕೀಟನಾಶಕ ಕುಡಿಸಿ, ಜೊತೆಗೇ ಕರ್ಕ್ಯುಮಿನ್ನನ್ನೋ ಲೈಕೋಪೀನನ್ನೋ ಕೊಟ್ಟರೆ ಹಾನಿ ತಗ್ಗುತ್ತದೆ ಎಂದು ತೋರಿಸಿದ ಪ್ರಯೋಗಗಳು ಬಹಳ ಇವೆ. ನಿನ್ನ ಡಬ್ಬಿ ನಿಂತಿರುವುದು ಅವುಗಳ ಮೇಲೆ. ಆದರೆ ಅಲ್ಲಿ ಕೊಡುವ ಪ್ರಮಾಣ ನೋಡು. ಇಲಿಯ ಒಂದು ಕೆಜಿ ತೂಕಕ್ಕೆ 100 ಮಿಲಿಗ್ರಾಂ ಕರ್ಕ್ಯುಮಿನ್ ಎಂಬುದು ಸಾಮಾನ್ಯ ಲೆಕ್ಕ. ದೇಹದ ಗಾತ್ರಕ್ಕೆ ತಕ್ಕಂತೆ ತಗ್ಗಿಸಿದರೂ ಅರವತ್ತು ಕೆಜಿಯ ಮನುಷ್ಯನಿಗೆ ದಿನಕ್ಕೆ ಸುಮಾರು ಒಂದು ಗ್ರಾಂ ಆಗುತ್ತದೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸು, ಅಂದರೆ ದಿನಾ ಮೂವತ್ತು ಗ್ರಾಂ ಮೀರಿ ಅರಿಶಿನ ತಿನ್ನಬೇಕು. ಸಾರ ತೆಗೆದು ಗುಳಿಗೆ ಮಾಡಿ ತಿಂದವರಲ್ಲಿ ಕೆಲವರ ಪಿತ್ತಜನಕಾಂಗ ಕೆಟ್ಟದ್ದೂ ವೈದ್ಯರ ದಾಖಲೆಗಳಲ್ಲಿದೆ.

ಮನುಷ್ಯರ ಮೇಲೆ ನಡೆದ ದೊಡ್ಡ ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ. ಅಮೆರಿಕದಲ್ಲಿ 2020ರಲ್ಲಿ ಎರಡರ ಫಲಿತಾಂಶ ಬಂತು. ಒಂದರಲ್ಲಿ 2,370 ದಂಪತಿಗಳಿದ್ದರು. ಗಂಡಸರಿಗೆ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲ ಕೊಟ್ಟರು. ವೀರ್ಯದ ಗುಣ ಸುಧಾರಿಸಲಿಲ್ಲ, ಮಕ್ಕಳಾಗುವ ಪ್ರಮಾಣವೂ ಹೆಚ್ಚಲಿಲ್ಲ. ಇನ್ನೊಂದರಲ್ಲಿ ಸಿ ಮತ್ತು ಇ ಜೀವಸತ್ವಗಳ ಜೊತೆ ದಿನಕ್ಕೆ 10 ಮಿಲಿಗ್ರಾಂ ಲೈಕೋಪೀನ್ ಕೂಡ ಇತ್ತು. ಅದರಲ್ಲಿಯೂ ಅಷ್ಟೇ. ಅದಕ್ಕೇ ಹೇಳುತ್ತೇನೆ, ಆ ಎರಡೂವರೆ ಸಾವಿರ ಉಳಿಸು.

ಈಗ ನನ್ನನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಕಳೆದ ದಸರೆಗೆ ಬಂದಾಗ ನೀನು ಟೊಮೆಟೊದ ಅಂಗಮಾರಿ ರೋಗಕ್ಕೆ ಔಷಧಿ ಹೊಡೆಯುತ್ತಿದ್ದೆ. ಬೆನ್ನ ಮೇಲಿನ ಪಂಪಿನ ಮುಚ್ಚಳ ಬಿಗಿಯಾಗಿರಲಿಲ್ಲ. ನೀನು ಬಗ್ಗಿದಾಗಲೆಲ್ಲ ದ್ರಾವಣ ತುಳುಕಿ, ಬನಿಯನ್ನಿನ ಹಿಂಭಾಗದಿಂದ ಇಳಿದು ಚಡ್ಡಿ ತೊಯ್ದಿತ್ತು. ನಾಜಲ್ ಕಟ್ಟಿಕೊಂಡಾಗ ಬಿಚ್ಚಿ ಬಾಯಿಂದ ಊದಿದೆ. ಅದೇ ಬಟ್ಟೆಯಲ್ಲಿ ಬದುವಿನ ಮೇಲೆ ಕೂತು ನನ್ನ ಜೊತೆ ಟೀ ಕುಡಿದೆ. ಆಗ ನಾನು ಏನೂ ಹೇಳಲಿಲ್ಲ. ಓದಿಕೊಂಡವನು ಸುಮ್ಮನೆ ಕೂತಿದ್ದೆನಲ್ಲ ಎಂಬ ಸಂಕಟ ಈಗಲೂ ಇದೆ.

ಚರ್ಮ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿ ಅಳೆದ 1971ರ ಅಧ್ಯಯನದಲ್ಲಿ, ಮುಂಗೈಯ ಚರ್ಮಕ್ಕಿಂತ ವೃಷಣದ ಚೀಲದ ಚರ್ಮ ಸುಮಾರು ಹನ್ನೆರಡು ಪಟ್ಟು ಹೆಚ್ಚು ಹೀರಿಕೊಂಡಿತ್ತು. ತೊಯ್ದ ಚಡ್ಡಿಯಲ್ಲಿ ಎರಡು ಗಂಟೆ ಕೂತರೆ ಏನಾಗುತ್ತದೆ ಎಂದು ಯೋಚಿಸು. ನಿನ್ನ ಕೊಟ್ಟಿಗೆಯ ಅಟ್ಟದಲ್ಲಿ ಕಂಡ ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್, ಕಾರ್ಬೆಂಡಜಿಮ್ ಮೂರೂ ಪ್ರಯೋಗದ ಇಲಿಗಳ ವೃಷಣಕ್ಕೆ ಹಾನಿ ಮಾಡಿದವೇ. ಕ್ಲೋರ್‌ಪೈರಿಫಾಸ್‌ನ ಕುಲಕ್ಕೆ ಸೇರಿದ ಔಷಧಿಗಳ ಸಂಪರ್ಕ ಹೆಚ್ಚಿದ್ದ ಗಂಡಸರಲ್ಲಿ ವೀರ್ಯಾಣುಗಳ ಸಾಂದ್ರತೆ ಕಡಿಮೆ ಇತ್ತೆಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2023ರ ವಿಶ್ಲೇಷಣೆ ಹೇಳಿದೆ.

ಇದು ಹೊಸ ಕಥೆಯೇನಲ್ಲ. ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್‌ನಲ್ಲಿ ಡಿಬಿಸಿಪಿ ಎಂಬ, ಬೆಳೆಯ ಬೇರಿಗೆ ಹತ್ತುವ ಹುಳುಗಳನ್ನು ಕೊಲ್ಲುವ ಔಷಧಿ ತಯಾರಿಸುವ ಕಾರ್ಖಾನೆಯ ಕೆಲಸಗಾರರು ತಮಗೆ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮೊಳಗೆ ಮಾತಾಡಿಕೊಂಡದ್ದರಿಂದಲೇ 1977ರಲ್ಲಿ ಪರೀಕ್ಷೆ ನಡೆದು ಸತ್ಯ ಹೊರಬಂತು. ಕಂಪನಿ ಕಂಡುಹಿಡಿದದ್ದಲ್ಲ, ಗಂಡಸರು ನಾಚಿಕೆ ಬಿಟ್ಟು ಬಾಯಿ ಬಿಟ್ಟದ್ದು. ನಮಗೆ ಹತ್ತಿರದ್ದು ಕಾಸರಗೋಡಿನ ಪಡ್ರೆ. ಕನ್ನಡ ಮಾತಾಡುವ ಆ ಊರಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ 117 ಹುಡುಗರನ್ನು ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು: ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಅವರು ಪಂಪು ಹೊತ್ತವರೂ ಅಲ್ಲ, ಶಾಲೆಗೆ ಹೋಗುತ್ತಿದ್ದ ಮಕ್ಕಳು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಯುವ ಹೊತ್ತಿಗೆ ಎಷ್ಟೋ ಮನೆಗಳು ಹಾಳಾಗಿದ್ದವು.

ಹಾಗಾದರೆ ಹಣ್ಣು ತರಕಾರಿ ತಿನ್ನುವುದರಿಂದ ಪ್ರಯೋಜನವಿಲ್ಲವೇ ಎಂದು ಕೇಳುತ್ತೀಯೆ. ಬಾಸ್ಟನ್‌ನ ಸಂತಾನ ಚಿಕಿತ್ಸಾ ಕೇಂದ್ರವೊಂದಕ್ಕೆ ಬಂದ 155 ಗಂಡಸರ ಊಟದ ಲೆಕ್ಕ ಇಟ್ಟು 2015ರಲ್ಲಿ ಬರೆದದ್ದು ಇದಕ್ಕೆ ಉತ್ತರ ಕೊಡುತ್ತದೆ. ಒಟ್ಟಾರೆ ಎಷ್ಟು ಹಣ್ಣು ತರಕಾರಿ ತಿಂದರು ಎಂಬುದಕ್ಕೂ ವೀರ್ಯಕ್ಕೂ ನಂಟು ಕಾಣಲಿಲ್ಲ. ಆದರೆ ಕೀಟನಾಶಕದ ಉಳಿಕೆ ಹೆಚ್ಚಿರುವಂಥವನ್ನು ಅತಿ ಹೆಚ್ಚು ತಿಂದವರ ಒಟ್ಟು ವೀರ್ಯಾಣು ಸಂಖ್ಯೆ ಅತಿ ಕಡಿಮೆ ತಿಂದವರಿಗಿಂತ ಶೇಕಡಾ 49ರಷ್ಟು ಕಡಿಮೆ ಇತ್ತು. ಮನೆಗೆಂದು ಹಿತ್ತಿಲಲ್ಲಿ ನಾಲ್ಕು ಸಾಲು ಬೇರೆ ಬೆಳೆ, ಅದಕ್ಕೆ ಔಷಧಿ ಮುಟ್ಟಿಸಬೇಡ. ಮಾರುವ ಬೆಳೆಗೂ ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಾದೇ ಕೊಯ್ಯಿ, ಅದನ್ನೂ ಯಾರದೋ ಮನೆಯ ಮಕ್ಕಳು ತಿನ್ನುತ್ತಾರೆ.

ನಿನ್ನ ವರದಿಯಲ್ಲಿ ಮಿಲಿಲೀಟರಿಗೆ 60 ಲಕ್ಷ ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಕೆಳಮಿತಿ 1 ಕೋಟಿ 60 ಲಕ್ಷ. ಕಡಿಮೆ ನಿಜ, ಸೊನ್ನೆಯಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಮಾಗಿ ಹೊರಬರಲು ಮತ್ತೆರಡು ವಾರ. ಇವತ್ತಿನಿಂದ ಪಂಪು ಮುಟ್ಟದಿದ್ದರೆ ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಅದರ ಗುರುತು ಕಾಣಬಹುದು. ಡಿಬಿಸಿಪಿ ಕೆಲಸಗಾರರಲ್ಲೂ ಸಂಪರ್ಕ ತಪ್ಪಿದ ಮೇಲೆ ಕೆಲವರು ಚೇತರಿಸಿಕೊಂಡರು. ಎಲ್ಲರೂ ಅಲ್ಲ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಔಷಧಿಯೊಂದೇ ಕಾರಣ ಎಂದು ಕೂರುವುದೂ ಬೇಡ. ವೃಷಣದ ರಕ್ತನಾಳ ಊದಿಕೊಂಡಿದ್ದರೂ ಹೀಗಾಗುತ್ತದೆ, ಮೂತ್ರಾಂಗ ತಜ್ಞರು ಕೈಯಿಂದ ಮುಟ್ಟಿ ನೋಡಿಯೇ ಹೇಳಬಲ್ಲರು. ಗುಟ್ಕಾ ಬಿಡು. ಇದನ್ನು ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಏಳು ವರ್ಷ ಅತ್ತಿಗೆ ಅರಳಿಕಟ್ಟೆ ಸುತ್ತಿದರು, ನಾಗರಕಲ್ಲಿಗೆ ಹಾಲೆರೆದರು, ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಮಾಡಿಸಿಕೊಂಡರು. ನಿನ್ನ ಪರೀಕ್ಷೆ ಆದದ್ದು ಈ ಆಷಾಢದಲ್ಲಿ. ನಿಮ್ಮಮ್ಮನಿಗೆ ಆ ವರದಿಯ ವಿಷಯ ನೀನೇ ಬಾಯಿಬಿಟ್ಟು ಹೇಳು. ನಿನ್ನ ಆ ತೊಯ್ದ ಬಟ್ಟೆಗಳನ್ನು ಬರಿಗೈಯಲ್ಲಿ ಒಗೆಯುತ್ತಿರುವವರೂ ಅತ್ತಿಗೆಯೇ ಎಂಬುದನ್ನು ಮರೆಯಬೇಡ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ರಬ್ಬರ್ ಕೈಗವಸು, ಉದ್ದನೆಯ ಪ್ಲಾಸ್ಟಿಕ್ ಏಪ್ರನ್, ಪಂಪಿನ ಮುಚ್ಚಳಕ್ಕೆ ಹೊಸ ವಾಷರ್ ತರುತ್ತೇನೆ, ನಿನ್ನ ಪಂಪಿನ ಅಳತೆ ಮಾತ್ರ ನಾಳೆ ತಿಳಿಸು. ಮೂರು ತಿಂಗಳ ಸಿಂಪಡಣೆಗೆ ಯಾರನ್ನಾದರೂ ಕೂಲಿಗೆ ಕರೆಯುವುದಾದರೆ ಆ ಏಪ್ರನ್ ಅವನಿಗೂ ಬೇಕು. ಎರಡು ತರುತ್ತೇನೆ.

ನಿನ್ನ,
ಹಳೆಯ ಬೆಂಚಿನ ಜೊತೆಗಾರ